ಬಾಯ್ಲರ್ ಅವರದು, ಬಿಲ್ಲು ನಮ್ಮದು: ಯುರೋಪಿಯನ್ ಕಮಿಷನ್ ಅಧ್ಯಕ್ಷರಿಗೆ ಬೊಟ್ರೊಪ್‌ನಿಂದ ಒಂದು ಬಹಿರಂಗ ಪತ್ರ

ಮಾನ್ಯ ಉರ್ಸುಲಾ ವಾನ್ ಡೆರ್ ಲೇಯೆನ್ ಅವರಿಗೆ,

ನಮಸ್ಕಾರ. ನಾನು ಒಬ್ಬ ನರ್ಸ್. ಊರು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದ ಹತ್ತಿರ. ಓದಿದ್ದು ಮಂಗಳೂರಿನಲ್ಲಿ. ಈಗ ಇರುವುದು ಜರ್ಮನಿಯ ಬೊಟ್ರೊಪ್‌ನಲ್ಲಿ. ಆಸ್ಪತ್ರೆ ಕೆಲಸ ಅಲ್ಲ. ಮನೆ ಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಬೆಳಿಗ್ಗೆ ಆರಕ್ಕೆ ಶುರು. ಇನ್ಸುಲಿನ್ ಕೊಡು, ಕಾಲಿಗೆ ಬಿಗಿ ಸಾಕ್ಸ್ ಹಾಕು, ಗಾಯದ ಬ್ಯಾಂಡೇಜ್ ಬದಲಿಸು, ಮಾತ್ರೆ ಡಬ್ಬಿ ನೋಡು, ಮುಂದಿನ ಮನೆಗೆ ಓಡು. ಯಾರ ಮನೆ ಎಷ್ಟು ತಣ್ಣಗಿದೆ ಅಂತ ಬಾಗಿಲು ತೆಗೆದ ಕೂಡಲೇ ನನಗೆ ಗೊತ್ತಾಗುತ್ತದೆ.

ಈ ಪತ್ರ ಕನ್ನಡದಲ್ಲಿ ಯಾಕೆ ಅಂತ ನೀವು ಕೇಳಬಹುದು. ನಿಮ್ಮ ಯುರೋಪಿಯನ್ ಒಕ್ಕೂಟಕ್ಕೆ 24 ಅಧಿಕೃತ ಭಾಷೆಗಳಿವೆ, ಕನ್ನಡ ಅದರಲ್ಲಿಲ್ಲ. ಜರ್ಮನ್ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಹಾಕಿದ್ದೇನೆ. ಕನ್ನಡದಲ್ಲಿ ಎಲ್ಲರ ಮುಂದೆ ಬರೆಯುತ್ತಿರುವುದಕ್ಕೆ ಬೇರೆ ಕಾರಣ ಇದೆ. ಊರಿನಿಂದ ಫೋನ್ ಮಾಡುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ಎಲ್ಲಾ ಸರ್ಕಾರನೇ ನೋಡ್ಕೊಳ್ಳುತ್ತೆ ಅಲ್ವಾ?" ನಮ್ಮ ಕಡೆಯ ಎಷ್ಟೋ ಹುಡುಗಿಯರು ಈಗ ಜರ್ಮನ್ ಕಲಿತು ಇಲ್ಲಿಗೆ ಬರುತ್ತಿದ್ದಾರೆ. ಸಂಬಳ ಎಷ್ಟು, ವೀಸಾ ಹೇಗೆ ಅಂತ ಎಲ್ಲರೂ ಹೇಳಿರುತ್ತಾರೆ. ವರ್ಷ ಮುಗಿದ ಮೇಲೆ ಬರುವ ಹೀಟಿಂಗ್ ಲೆಕ್ಕದ ಬಗ್ಗೆ ಯಾರೂ ಹೇಳಿರುವುದಿಲ್ಲ. ಅವರೂ ಓದಲಿ, ನೀವೂ ಓದಿ.

ಇಲ್ಲಿ ಬಾಡಿಗೆಯಲ್ಲಿ ಎರಡು ಜಾತಿ. ಒಂದು ತಣ್ಣನೆ ಬಾಡಿಗೆ, ಇನ್ನೊಂದು ಬಿಸಿ ಬಾಡಿಗೆ. ಜರ್ಮನ್ನರು ಹಾಗೇ ಕರೆಯುತ್ತಾರೆ, ನಾನು ಕಟ್ಟಿದ ಮಾತಲ್ಲ. ಬರೀ ಗೋಡೆ, ಸೂರಿಗೆ ಕೊಡುವುದು ತಣ್ಣನೆಯದು. ಹೀಟಿಂಗ್, ನೀರು, ಕಸ ಎಲ್ಲ ಸೇರಿದರೆ ಬಿಸಿಯದು. ಬಂದ ಹೊಸದರಲ್ಲಿ ಈ ಹೆಸರು ಕೇಳಿ ನಕ್ಕಿದ್ದೆ. ಮೊದಲ ವರ್ಷದ ಲೆಕ್ಕ ಬಂದ ದಿನ ನಗು ನಿಂತಿತು. ತಿಂಗಳು ತಿಂಗಳು ಕಟ್ಟಿದ್ದು ಸಾಲದು, ಇನ್ನೂ ಕೊಡಿ ಅಂತ ಒಂದು ಕಾಗದ. ಅದರಲ್ಲಿ ಒಂದು ಸಾಲು ಇಂಗಾಲದ ಬೆಲೆಯದು, ಅಂದರೆ ಇಂಧನ ಸುಟ್ಟು ಬಿಟ್ಟ ಇಂಗಾಲಕ್ಕೆ ಸರ್ಕಾರ ಹಾಕುವ ಶುಲ್ಕ.

ಈ ಬೆಲೆ ಜರ್ಮನಿಯಲ್ಲಿ 2021ರಲ್ಲಿ ಶುರುವಾಯಿತು. ಗ್ಯಾಸ್, ಪೆಟ್ರೋಲ್, ಡೀಸೆಲ್ ಸುಟ್ಟು ಒಂದು ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಆಗ 25 ಯೂರೋ. 2024ರಲ್ಲಿ 45 ಆಯಿತು, 2025ರಲ್ಲಿ 55. 2026ಕ್ಕೆ 55ರಿಂದ 65ರ ನಡುವೆ. ಹಳೇ ಕಟ್ಟಡದ 60 ಚದರ ಮೀಟರ್ ಮನೆ ಅಂದುಕೊಳ್ಳಿ. ವರ್ಷಕ್ಕೆ 10,000 ಯೂನಿಟ್ ಗ್ಯಾಸ್ ಉರಿದರೆ ಸುಮಾರು 1.8 ಟನ್ ಆಗುತ್ತದೆ. 2025ರ ದರದಲ್ಲಿ ಸುಮಾರು 100 ಯೂರೋ, ಅದರ ಮೇಲೆ ತೆರಿಗೆ ಬೇರೆ. ನಿಜ ಹೇಳಬೇಕೆಂದರೆ ಬಿಲ್ಲಿನಲ್ಲಿ ದೊಡ್ಡ ಪಾಲು ಇದಲ್ಲ. 2022ರಲ್ಲಿ ರಷ್ಯಾ ಯುಕ್ರೇನ್ ಮೇಲೆ ಯುದ್ಧಕ್ಕೆ ಹೋದ ಮೇಲೆ ಗ್ಯಾಸ್ ಬೆಲೆಯೇ ತಲೆ ಮೇಲೆ ಕೂತಿತು. ಆದರೆ ಗ್ಯಾಸ್ ಬೆಲೆ ಏರುತ್ತೆ, ಇಳಿಯುತ್ತೆ. ಇಂಗಾಲದ ಬೆಲೆ ಏರುವುದಕ್ಕೆಂದೇ ಇಟ್ಟಿರುವುದು. ಅದರ ಕೆಲಸವೇ ಅದು.

ಬೆಲೆ ಏರಿದರೆ ಜನ ಬೇರೆ ದಾರಿ ನೋಡುತ್ತಾರೆ ಅನ್ನುವುದು ನಿಮ್ಮವರ ಲೆಕ್ಕ. ಲೆಕ್ಕ ತಪ್ಪಲ್ಲ. ಸ್ವೀಡನ್ 1991ರಲ್ಲೇ ಇಂಗಾಲ ತೆರಿಗೆ ಹಾಕಿತು. ಅದೇ ಹೊತ್ತಿಗೆ ಆದಾಯ ತೆರಿಗೆ ಇಳಿಸಿತು. ಜನ ಒಪ್ಪಿಕೊಂಡರು. ನನ್ನ ತಕರಾರು ಬೇರೆ. ನಾನು ಯಾವ ಬೇರೆ ದಾರಿ ನೋಡಲಿ? ಇಡೀ ಕಟ್ಟಡ ಬಿಸಿ ಮಾಡುವ ಗ್ಯಾಸ್ ಬಾಯ್ಲರ್ ಇರುವುದು ನೆಲಮಾಳಿಗೆಯಲ್ಲಿ, ಬೀಗ ಹಾಕಿದ ಕೋಣೆಯಲ್ಲಿ. ಅದರ ಕೀಲಿ ನಾನು ನೋಡಿಲ್ಲ. ಗೋಡೆಗೆ ಶಾಖ ತಡೆಯುವ ಪದರ ಹಾಕಿಸುವ ಹಕ್ಕು ನನಗಿಲ್ಲ. ಕಿಟಕಿ ಬದಲಾಯಿಸುವಂತಿಲ್ಲ. ಸ್ವಂತ ಮನೆ ಇದ್ದವರು ಗ್ಯಾಸ್ ಬದಲು ಕರೆಂಟಿನಿಂದ ಮನೆ ಬಿಸಿ ಮಾಡುವ ಹೀಟ್ ಪಂಪ್ ಹಾಕಿಸಿದರೆ ಸರ್ಕಾರ ಖರ್ಚಿನಲ್ಲಿ ಶೇ 30 ಕೊಡುತ್ತದೆ. ಹಳೇ ಬಾಯ್ಲರ್ ಬೇಗ ತೆಗೆದರೆ, ಆದಾಯ ಕಡಿಮೆ ಇದ್ದರೆ ಶೇ 70ರವರೆಗೂ, ಅಂದರೆ 21,000 ಯೂರೋವರೆಗೂ ಸಿಗುತ್ತದೆ. ಒಳ್ಳೆಯದೇ. ಆದರೆ ಜರ್ಮನಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬಾಡಿಗೆ ಮನೆಯವರು. ನಮ್ಮ ಕೈಯಲ್ಲಿರುವುದು ಕೋಣೆ ಬಿಸಿ ಮಾಡುವ ರೇಡಿಯೇಟರಿನ ಗುಂಡಿ. ಅದರ ಮೇಲೆ ಒಂದರಿಂದ ಐದರವರೆಗೆ ಅಂಕಿ ಇರುತ್ತದೆ. ಮೂರಕ್ಕೆ ಇಟ್ಟರೆ 20 ಡಿಗ್ರಿ, ಎರಡಕ್ಕೆ ಇಟ್ಟರೆ 16. ಅಷ್ಟೇ ನಮ್ಮ ಹಸಿರು ಪರಿವರ್ತನೆ.

ಕೊಪ್ಪದ ನಮ್ಮ ಮನೆಯಲ್ಲಿ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ, ಒಣಗಿದ ತೆಂಗಿನ ಮಟ್ಟೆ ಹಾಕಿ ಹಂಡೆ ಕಾಯಿಸುತ್ತಿದ್ದೆವು. ಹೊಗೆ ಕಣ್ಣಿಗೆ, ಮಸಿ ಗೋಡೆಗೆ. ಅದೇನೂ ದೊಡ್ಡ ಸುಖ ಅಲ್ಲ. ಆದರೆ ಒಲೆ ನಮ್ಮದು. ಯಾವತ್ತೋ ಒಂದು ದಿನ ಅಪ್ಪ ಸೋಲಾರ್ ಹಾಕಿಸಿದರು, ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಇಲ್ಲಿ ಒಲೆ ಅವರದು, ಉರಿಸುವುದು ಅವರು, ಹೊಗೆಯ ದಂಡ ನಮ್ಮದು.

ಇದು ಸರಿಯಲ್ಲ ಅಂತ ಇಲ್ಲಿನ ಸರ್ಕಾರಕ್ಕೂ ಅನ್ನಿಸಿತು. 2023ರ ಜನವರಿಯಿಂದ ಒಂದು ಕಾನೂನು ಬಂದಿದೆ. ಇಂಗಾಲದ ಖರ್ಚನ್ನು ಮಾಲೀಕರೂ ಬಾಡಿಗೆದಾರರೂ ಹಂಚಿಕೊಳ್ಳಬೇಕು. ಹತ್ತು ಮೆಟ್ಟಿಲಿನ ಪಟ್ಟಿ ಇದೆ. ಕಟ್ಟಡ ತೀರಾ ಕೆಟ್ಟದಾಗಿದ್ದರೆ ಮಾಲೀಕರ ಪಾಲು ಶೇ 95. ಒಳ್ಳೆಯ ಕಟ್ಟಡವಾದರೆ ಪೂರ್ತಿ ಬಾಡಿಗೆದಾರರದ್ದೇ. ನಾನು ಮೇಲೆ ಹೇಳಿದಂಥ ಮನೆಯಲ್ಲಿ ಮಾಲೀಕರದು ಶೇ 40, ಬಾಡಿಗೆದಾರರದು ಶೇ 60. ಇದು ಒಳ್ಳೆಯ ಕಾನೂನು ಅಂತ ನಾನು ಮುಕ್ತವಾಗಿ ಒಪ್ಪುತ್ತೇನೆ. ಯುರೋಪಿನ ಬೇರೆ ದೇಶಗಳೂ ನೋಡಿ ಕಲಿಯಬಹುದು.

ಆದರೆ ನನ್ನ ಲೆಕ್ಕದ ಕಾಗದದಲ್ಲಿ ಆ ಹಂಚಿಕೆ ಇರಲೇ ಇಲ್ಲ. ಮನೆಯ ಮಾಲೀಕರು ಒಂದು ಕಂಪನಿ. ಫೋನ್ ಮಾಡಿದರೆ ಸಂಗೀತ ಕೇಳುತ್ತದೆ. ಹಂಚಿಕೆ ತೋರಿಸದೇ ಇದ್ದರೆ ಹೀಟಿಂಗ್ ಖರ್ಚಿನಲ್ಲಿ ಶೇ 3 ಕಡಿತ ಮಾಡಿಕೊಳ್ಳುವ ಹಕ್ಕು ನನಗಿದೆ ಅಂತ ಸಹೋದ್ಯೋಗಿಯೊಬ್ಬಳು ಹೇಳಿದಳು. ಮೂರು ಪತ್ರ ಬರೆದ ಮೇಲೆ ಸರಿ ಮಾಡಿದರು. ನನಗೆ ಜರ್ಮನ್ ಬರುತ್ತೆ, ವಯಸ್ಸು ಇದೆ, ಕೋಪವೂ ಇದೆ. ಈ ಮೂರೂ ಇಲ್ಲದವರ ಕಥೆ ಏನು?

ನಾನು ನೋಡಿಕೊಳ್ಳುವ ಒಬ್ಬ ಅಜ್ಜಿಯ ಬಗ್ಗೆ ಹೇಳುತ್ತೇನೆ. ಹೆಸರು ಬೇಡ. ವಯಸ್ಸು ಎಂಬತ್ತು ದಾಟಿದೆ. ಗಂಡ ಕಲ್ಲಿದ್ದಲು ಗಣಿಯಲ್ಲಿ ಕೆಲಸ ಮಾಡಿದವರು, ತೀರಿಕೊಂಡು ತುಂಬಾ ವರ್ಷ ಆಯಿತು. ಈ ಸೀಮೆಯಲ್ಲಿ ಗಣಿ ಕಾರ್ಮಿಕರಿಗೆ ಮನೆ ಬಳಕೆಗೆ ಕಲ್ಲಿದ್ದಲು ಬರುತ್ತಿತ್ತು. ಬೇಡ ಅಂದವರಿಗೆ ಅದರ ಬದಲು ಹಣ. ನಿವೃತ್ತರಿಗೂ, ವಿಧವೆಯರಿಗೂ ಸಿಗುತ್ತಿತ್ತು. 2018ರ ಕೊನೆಗೆ ಗಣಿಗಳ ಜೊತೆ ಅದೂ ಮುಗಿಯಿತು. ಈಗ ಅಜ್ಜಿಯ ಮನೆಯೊಳಗೆ ಸಣ್ಣ ಗ್ಯಾಸ್ ಬಾಯ್ಲರ್ ಇದೆ. ಬಾಯ್ಲರ್ ಮಾಲೀಕರದು. ಗ್ಯಾಸ್ ಕಂಪನಿಯ ಜೊತೆ ಒಪ್ಪಂದ ಅಜ್ಜಿಯ ಹೆಸರಲ್ಲಿ. ಇಂಥ ಮನೆಗಳಲ್ಲಿ ಇಂಗಾಲದ ಹಂಚಿಕೆ ತಾನಾಗಿ ಆಗುವುದಿಲ್ಲ. ಬಾಡಿಗೆದಾರರೇ ಗ್ಯಾಸ್ ಬಿಲ್ ನೋಡಿ, ಎಷ್ಟು ಕಿಲೋ ಇಂಗಾಲ ಅಂತ ಹುಡುಕಿ, ಮನೆಯ ಅಳತೆಯಿಂದ ಭಾಗಿಸಿ, ಯಾವ ಮೆಟ್ಟಿಲಿಗೆ ಬರುತ್ತೆ ಅಂತ ಕಂಡುಹಿಡಿದು, ಗಡುವಿನೊಳಗೆ ಮಾಲೀಕರಿಗೆ ಬರೆದು ಕೇಳಬೇಕು.

ಎಂಬತ್ತು ದಾಟಿದ, ಕಣ್ಣಿಗೆ ಪೊರೆ ಬಂದ, ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿ. ನೀವೇ ಹೇಳಿ.

ನಾನು ಒಂದು ಭಾನುವಾರ ಕೂತು ಬರೆದುಕೊಟ್ಟೆ. ಕೆಲಸದ ನಿಯಮದ ಪ್ರಕಾರ ಅದು ನನ್ನ ಕೆಲಸ ಅಲ್ಲ. ಅಜ್ಜಿ ಕೇಕ್ ಮಾಡಿಟ್ಟಿದ್ದರು. ಹಣ ವಾಪಸು ಬಂತು, ದೊಡ್ಡ ಮೊತ್ತವೇನಲ್ಲ. ಆಮೇಲೆ ಮನೆ ಬಾಡಿಗೆಗೆ ಸರ್ಕಾರ ಕೊಡುವ ಸಹಾಯಧನಕ್ಕೂ ಅರ್ಜಿ ಹಾಕೋಣ ಅಂದೆ. 2023ರಲ್ಲಿ ಅದನ್ನು ದೊಡ್ಡದು ಮಾಡಿದ್ದಾರೆ, ಹೀಟಿಂಗ್ ಖರ್ಚಿಗೆಂದು ಒಂದು ಪಾಲೂ ಸೇರಿಸಿದ್ದಾರೆ. ಅಜ್ಜಿ ತಲೆ ಅಲ್ಲಾಡಿಸಿದರು. "ನಾನು ಯಾವತ್ತೂ ಕಚೇರಿ ಬಾಗಿಲಿಗೆ ಹೋಗಿ ಕೈ ಚಾಚಿಲ್ಲ" ಅಂದರು. ಅದೇ ಮಾತನ್ನು ನಮ್ಮಜ್ಜಿ ಕನ್ನಡದಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ಆದ್ದರಿಂದ ಒತ್ತಾಯ ಮಾಡಲಿಲ್ಲ. ಗುಂಡಿ ಎರಡರಲ್ಲೇ ನಿಂತಿದೆ.

ಚಳಿಗಾಲದಲ್ಲಿ ಅಜ್ಜಿಯ ಸಕ್ಕರೆ ಪರೀಕ್ಷೆ ಮಾಡುವುದು ಕಷ್ಟ. ಬೆರಳು ಅಷ್ಟು ತಣ್ಣಗಿರುತ್ತದೆ. ಚುಚ್ಚಿದರೆ ರಕ್ತ ಬರುವುದಿಲ್ಲ. ಮೊದಲು ಎರಡೂ ಕೈಯಲ್ಲಿ ಹಿಡಿದು ಉಜ್ಜಬೇಕು. ನೀವು ರಾಜಕೀಯಕ್ಕೆ ಬರುವ ಮುಂಚೆ ಡಾಕ್ಟರ್ ಆಗಿದ್ದವರು, ಹ್ಯಾನೋವರ್‌ನಲ್ಲಿ ವೈದ್ಯಕೀಯ ಓದಿದವರು. ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇವರು ಬಡವರ ಪಟ್ಟಿಯಲ್ಲಿ ಇಲ್ಲ ಅನ್ನುವುದನ್ನೂ ಗಮನಿಸಿ. ಸರ್ಕಾರದ ಕನಿಷ್ಠ ಆದಾಯ ಪಡೆಯುವವರಿಗೆ ಬಾಡಿಗೆ, ಹೀಟಿಂಗ್ ಎರಡನ್ನೂ ಒಂದು ಮಿತಿಯೊಳಗೆ ಕಚೇರಿಯೇ ಕಟ್ಟುತ್ತದೆ. ಕರೆಂಟು ಮಾತ್ರ ಅವರ ಕೈಯಿಂದ. ಒಬ್ಬರೇ ಇದ್ದರೆ ದಿನದ ಖರ್ಚಿಗೆ ತಿಂಗಳಿಗೆ 563 ಯೂರೋ ಭತ್ಯೆ. 2024ರಿಂದ ಅದು ಒಂದು ಸೆಂಟೂ ಏರಿಲ್ಲ. ಹೊಸ ಸರ್ಕಾರ 2025ರಲ್ಲಿ ಆ ಯೋಜನೆಯ ಹೆಸರನ್ನೇ ಬದಲಿಸಿ, ನಿಯಮ ಬಿಗಿ ಮಾಡಲು ಹೊರಟಿತು. ಸೋಮಾರಿಗಳಿಗೆ ಬುದ್ಧಿ ಕಲಿಸುವ ಮಾತು ಟಿವಿಯಲ್ಲಿ ದಿನಾ ಕೇಳುತ್ತೇನೆ. ಅದರ ಬಗ್ಗೆ ಬೇರೆ ಪತ್ರವೇ ಬೇಕು. ಅಜ್ಜಿ ಇರುವುದು ಆ ಗೆರೆಯ ಸ್ವಲ್ಪ ಮೇಲೆ. ನನ್ನ ಜೊತೆ ಕೆಲಸ ಮಾಡುವ ಸಹಾಯಕಿಯರೂ ಅಲ್ಲೇ. ಮಕ್ಕಳನ್ನು ಒಂಟಿಯಾಗಿ ಸಾಕುವ ತಾಯಂದಿರೂ ಅಲ್ಲೇ. ಗೆರೆಯ ಕೆಳಗಿನವರಿಗೆ ಕಚೇರಿ ಇದೆ, ತುಂಬಾ ಮೇಲಿನವರಿಗೆ ಸ್ವಂತ ಮನೆ ಇದೆ. ನಡುವಿನವರಿಗೆ ಬಿಲ್ಲು ಇದೆ.

ಇವರಿಗೆಂದೇ ಒಂದು ಮಾತು ಕೊಟ್ಟಿದ್ದರು. 2021ರಲ್ಲಿ ಆಗಿನ ಮೂರು ಪಕ್ಷಗಳ ಸರ್ಕಾರ ಬರುವಾಗ ಒಪ್ಪಂದದಲ್ಲೇ ಬರೆದರು. ಇಂಗಾಲದ ಬೆಲೆಯಿಂದ ಜನರ ಮೇಲೆ ಬೀಳುವ ಹೊರೆಗೆ ಪರಿಹಾರವಾಗಿ "ಹವಾಮಾನದ ಹಣ" ಅಂತ ಒಂದು ವ್ಯವಸ್ಥೆ ಮಾಡುತ್ತೇವೆ ಅಂತ. ತಲೆಗೆ ಇಷ್ಟು ಅಂತ ಎಲ್ಲರಿಗೂ ಒಂದೇ ಮೊತ್ತ ವಾಪಸು ಬರುತ್ತದೆ ಅಂದುಕೊಂಡೆವು. ದೊಡ್ಡ ಬಂಗಲೆ, ಎರಡು ಕಾರು ಇರುವವರು ಜಾಸ್ತಿ ಕಟ್ಟುತ್ತಾರೆ, ಸಣ್ಣ ಮನೆಯವರು ಕಡಿಮೆ ಕಟ್ಟುತ್ತಾರೆ. ವಾಪಸು ಸಮನಾಗಿ ಬಂದರೆ ಸಣ್ಣವರಿಗೆ ಲಾಭ. ನನಗೆ ಅರ್ಥವಾದ ಮಟ್ಟಿಗೆ ಇದಕ್ಕಿಂತ ಸರಳವಾದ ನ್ಯಾಯ ಇಲ್ಲ. ಬೆಲೆ ಏರಿತು. ಹಣ ಬರಲಿಲ್ಲ. 2024ರ ನವೆಂಬರ್‌ನಲ್ಲಿ ಆ ಸರ್ಕಾರವೇ ಬಿದ್ದುಹೋಯಿತು.

ಕೇಳಿದರೆ ಎರಡು ಉತ್ತರ. ಒಂದು: ಹಣವನ್ನು ಬೇರೆ ರೀತಿಯಲ್ಲಿ ಕೊಟ್ಟಿದ್ದೇವೆ. ಕರೆಂಟ್ ಬಿಲ್ಲಿನ ಮೇಲಿದ್ದ ನವೀಕರಿಸಬಹುದಾದ ವಿದ್ಯುತ್ತಿನ ಸುಂಕವನ್ನು 2022ರ ಜುಲೈನಲ್ಲಿ ತೆಗೆದರು. ಆ ಖರ್ಚು ಈಗ ಸರ್ಕಾರದ ನಿಧಿಯಿಂದ ಹೋಗುತ್ತದೆ. ಇದು ನಿಜ. ಆದರೆ ತೆಗೆದದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಹಾಕಿದ್ದು ಎಲ್ಲರ ಕಣ್ಣಿಗೂ ಬಿತ್ತು. ಕತ್ತಲಲ್ಲಿ ಕೊಟ್ಟ ದಾನಕ್ಕೆ ಪುಣ್ಯ ಬರಬಹುದು, ವೋಟು ಬರುವುದಿಲ್ಲ.

ಎರಡನೇ ಉತ್ತರ ಕೇಳಿ ನನಗೆ ನಗು ಬಂತು. ಎಲ್ಲರ ಖಾತೆಗೂ ನೇರವಾಗಿ ಹಣ ಹಾಕುವ ವ್ಯವಸ್ಥೆ ನಮ್ಮಲ್ಲಿ ಇಲ್ಲ ಅಂದರು. ತೆರಿಗೆ ನಂಬರಿಗೆ ಬ್ಯಾಂಕ್ ಖಾತೆ ಜೋಡಿಸಬೇಕು, ಸಮಯ ಬೇಕು ಅಂದರು. ಕೊಪ್ಪದಲ್ಲಿರುವ ನಮ್ಮಮ್ಮನ ಖಾತೆಗೆ ಗೃಹಲಕ್ಷ್ಮಿಯ 2,000 ರೂಪಾಯಿ ಬೀಳುತ್ತದೆ. ಮೆಸೇಜ್ ಬಂದ ಕೂಡಲೇ ನನಗೆ ಫೋನ್ ಮಾಡುತ್ತಾರೆ. ಆ ಯೋಜನೆಯ ಬಗ್ಗೆ ನಮ್ಮೂರಲ್ಲಿ ಹೊಗಳುವವರೂ ಇದ್ದಾರೆ, ಬೈಯುವವರೂ ಇದ್ದಾರೆ, ಆ ಜಗಳ ಇಲ್ಲಿ ಬೇಡ. ದಾರಿ ಇದೆಯೋ ಇಲ್ಲವೋ ಅನ್ನುವುದು ಮಾತ್ರ ನನ್ನ ಪ್ರಶ್ನೆ. ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಗೆ ಹೋಗುವ ದಾರಿ ಬೊಟ್ರೊಪ್‌ಗೆ ಯಾಕೆ ಇಲ್ಲ?

2022ರಲ್ಲಿ ಇದರ ಫಲ ಕಣ್ಣಾರೆ ಕಂಡೆ. ಗ್ಯಾಸ್ ಬೆಲೆ ಏರಿದ್ದಕ್ಕೆ ಸರ್ಕಾರ 300 ಯೂರೋ ಕೊಟ್ಟಿತು. ಕೊಟ್ಟದ್ದು ಸಂಬಳದ ಮೂಲಕ. ನನಗೆ ಸೆಪ್ಟೆಂಬರ್ ಸಂಬಳದ ಜೊತೆ ಬಂತು. ನಾನು ಯಾರಿಗೆ ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಡುತ್ತೇನೋ, ಇಡೀ ದಿನ ಮನೆಯೊಳಗೇ ಇರುತ್ತಾರೋ, ಅವರಿಗೆ ಬರಲಿಲ್ಲ. ಪಿಂಚಣಿದಾರರನ್ನು ಬಿಟ್ಟಿದ್ದರು. ಗಲಾಟೆ ಆದ ಮೇಲೆ ಡಿಸೆಂಬರ್‌ನಲ್ಲಿ ಕೊಟ್ಟರು. ಆ ಮೂರು ತಿಂಗಳು ಅಜ್ಜಿಯ ಮನೆಗೆ ಹೋಗುವಾಗ ನನಗೆ ನಾಚಿಕೆ ಆಗುತ್ತಿತ್ತು, ಯಾಕೋ ಕದ್ದವಳ ಹಾಗೆ.

ಆಸ್ಟ್ರಿಯಾ ಇದನ್ನು ಮಾಡಿ ತೋರಿಸಿತು. 2022ರಿಂದ ಅಲ್ಲಿ ವಾಸ ಇರುವ ಎಲ್ಲರಿಗೂ ಹವಾಮಾನ ಬೋನಸ್ ಕೊಟ್ಟರು. ಖಾತೆ ಗೊತ್ತಿದ್ದವರಿಗೆ ಖಾತೆಗೆ, ಇಲ್ಲದವರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ವೋಚರ್. ಆಮೇಲಿನ ವರ್ಷಗಳಲ್ಲಿ ಬಸ್ಸು ರೈಲು ಚೆನ್ನಾಗಿರುವ ವಿಯೆನ್ನಾದವರಿಗೆ ಕಡಿಮೆ, ಬಸ್ಸಿಲ್ಲದ ಹಳ್ಳಿಯವರಿಗೆ ಜಾಸ್ತಿ. 2024ರಲ್ಲಿ ಅದು 145ರಿಂದ 290 ಯೂರೋ. ಎಷ್ಟು ಚೆಂದದ ಲೆಕ್ಕ! 2025ರಲ್ಲಿ ಹೊಸ ಸರ್ಕಾರ ಖರ್ಚು ಕಡಿಮೆ ಮಾಡುವ ನೆಪದಲ್ಲಿ ಅದನ್ನು ತೆಗೆಯಿತು. ಇಂಗಾಲದ ಬೆಲೆ ಮಾತ್ರ ಉಳಿಯಿತು. ಕೊಡುವ ಕೈ ಕತ್ತರಿಸುವುದು ಸುಲಭ, ತೆಗೆದುಕೊಳ್ಳುವ ಕೈಯನ್ನು ಯಾರೂ ಮುಟ್ಟುವುದಿಲ್ಲ.

ಫ್ರಾನ್ಸಿನ ಹಳದಿ ಅಂಗಿಯವರನ್ನು ನೀವು ಮರೆತಿರಲಿಕ್ಕಿಲ್ಲ. ಒಂದು ವಿಚಿತ್ರ ಕಾಕತಾಳೀಯ ನೋಡಿ. 2017ರ ನವೆಂಬರ್ 17ರಂದು ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಒಕ್ಕೂಟದ ನಾಯಕರೆಲ್ಲ ಸೇರಿ ಸಾಮಾಜಿಕ ಹಕ್ಕುಗಳ ಘೋಷಣೆ ಮಾಡಿದರು. ಅದರಲ್ಲಿ ಇಪ್ಪತ್ತು ತತ್ವಗಳಿವೆ. ಇಪ್ಪತ್ತನೆಯದು ನೀರು, ವಿದ್ಯುತ್ತು, ಇಂಧನ, ಸಾರಿಗೆಯಂಥ ಅಗತ್ಯ ಸೇವೆಗಳು ಎಲ್ಲರಿಗೂ ಸಿಗಬೇಕು ಅನ್ನುತ್ತದೆ. ಸರಿಯಾಗಿ ಒಂದು ವರ್ಷಕ್ಕೆ, 2018ರ ನವೆಂಬರ್ 17ರಂದು, ಫ್ರಾನ್ಸಿನ ವೃತ್ತಗಳಲ್ಲಿ ಜನ ಹಳದಿ ಅಂಗಿ ಹಾಕಿಕೊಂಡು ರಸ್ತೆ ತಡೆದರು. ಡೀಸೆಲ್ ತೆರಿಗೆ ಮತ್ತೆ ಏರಿಸುವ ಯೋಜನೆ ಕಾರಣ. ಅದೇ ವರ್ಷದ ಆರಂಭದಲ್ಲಿ ಶ್ರೀಮಂತರ ಆಸ್ತಿ ತೆರಿಗೆಯನ್ನು ತುಂಬಾ ಸಡಿಲ ಮಾಡಿದ್ದರು. ಜನ ಎರಡನ್ನೂ ಒಟ್ಟಿಗೆ ಓದಿಕೊಂಡರು. "ಲೋಕದ ಕೊನೆ, ತಿಂಗಳ ಕೊನೆ, ಎರಡಕ್ಕೂ ಒಂದೇ ಹೋರಾಟ" ಅಂತ ಕೂಗಿದರು. ಡಿಸೆಂಬರ್‌ನಲ್ಲಿ ಸರ್ಕಾರ ತೆರಿಗೆ ಏರಿಕೆ ಕೈಬಿಟ್ಟಿತು.

ಅದೇ ಫ್ರಾನ್ಸ್ 2024ರ ಜನವರಿಯಲ್ಲಿ ಇನ್ನೊಂದು ಪ್ರಯೋಗ ಮಾಡಿತು. ಆದಾಯ ಕಡಿಮೆ ಇದ್ದು, ಕೆಲಸಕ್ಕಾಗಿ ದೂರ ಓಡಾಡುವವರಿಗೆ ತಿಂಗಳಿಗೆ ಸುಮಾರು 100 ಯೂರೋ ಬಾಡಿಗೆಗೆ ಎಲೆಕ್ಟ್ರಿಕ್ ಕಾರು. ಕೆಲವೇ ವಾರದಲ್ಲಿ 50,000 ಬೇಡಿಕೆ ಬಂದು ಆ ವರ್ಷಕ್ಕೆ ಬಾಗಿಲು ಹಾಕಬೇಕಾಯಿತು. ಹಳದಿ ಅಂಗಿ ಹಾಕಿದ್ದ ಊರುಗಳಲ್ಲೇ ಅರ್ಜಿ ಹಾಕಿದವರೂ ಇದ್ದಿರಬೇಕು. ಬಡವರಿಗೆ ಹಸಿರು ಬೇಡ ಅನ್ನುವವರು ಈ ಅಂಕಿಯನ್ನು ನೋಡಲಿ.

ಇನ್ನು ನನ್ನ ಊರಿನ ವಿಷಯ. ನನ್ನ ಊರು ಅಂದರೆ ಈಗ ಬೊಟ್ರೊಪ್. ಜರ್ಮನಿಯ ಕೊನೆಯ ಕಲ್ಲಿದ್ದಲು ಸುರಂಗ ಗಣಿ ಪ್ರಾಸ್ಪರ್-ಹಾನಿಯೆಲ್ ಇಲ್ಲಿಯದು. 2018ರ ಡಿಸೆಂಬರ್ 21ರಂದು ಮುಚ್ಚಿತು. ಕೊನೆಯ ಕಲ್ಲಿದ್ದಲ ತುಂಡನ್ನು ರಾಷ್ಟ್ರಪತಿ ಫ್ರಾಂಕ್-ವಾಲ್ಟರ್ ಸ್ಟೈನ್‌ಮಯರ್ ಕೈಗೆ ಕೊಟ್ಟರು. ಅಜ್ಜಿ ಟಿವಿಯಲ್ಲಿ ನೋಡಿ ಅತ್ತರಂತೆ. ಆದರೆ ಆ ಮುಚ್ಚುವಿಕೆ ಹೇಗೆ ಆಯಿತು ಅಂತ ನೋಡಿ. ತೀರ್ಮಾನ ಆದದ್ದು 2007ರಲ್ಲಿ. ಮುಚ್ಚಿದ್ದು ಹನ್ನೊಂದು ವರ್ಷದ ಮೇಲೆ. ದಿನ ಎಲ್ಲರಿಗೂ ಮೊದಲೇ ಗೊತ್ತಿತ್ತು. ವಯಸ್ಸಾದವರಿಗೆ ಬೇಗ ನಿವೃತ್ತಿ, ಪಿಂಚಣಿ ಶುರುವಾಗುವವರೆಗೆ ನಡುವಿನ ವರ್ಷಗಳಿಗೆ ಹಣ. ಕಿರಿಯರಿಗೆ ಬೇರೆ ಕೆಲಸ. ಒಬ್ಬ ಗಣಿ ಕಾರ್ಮಿಕನನ್ನೂ ಬೀದಿಗೆ ಹಾಕಬಾರದು ಅನ್ನುವುದು ಇಲ್ಲಿನ ಕಾರ್ಮಿಕ ಸಂಘದವರ ಮೂಲ ಪಟ್ಟು. ಅದಕ್ಕೆ ಸರ್ಕಾರವೂ ಕಂಪನಿಯೂ ತಲೆಬಾಗಿದವು.

ಎಲ್ಲ ಚೆನ್ನಾಗಾಯಿತು ಅಂತ ಹೇಳುವುದಿಲ್ಲ. ಪಕ್ಕದ ಗೆಲ್ಸೆನ್‌ಕಿರ್ಶೆನ್ ಇವತ್ತಿಗೂ ದೇಶದಲ್ಲೇ ಹೆಚ್ಚು ನಿರುದ್ಯೋಗ ಇರುವ ಊರುಗಳಲ್ಲಿ ಒಂದು. ಗಣಿಗೆ ಹೋಗಬೇಕಿದ್ದ ಮೊಮ್ಮಕ್ಕಳಿಗೆ ಯಾವ ವ್ಯವಸ್ಥೆಯೂ ಇರಲಿಲ್ಲ. ಆದರೂ ಅಲ್ಲಿ ಕ್ರಮ ಸರಿಯಿತ್ತು. ಮೊದಲು ಊಟದ ವ್ಯವಸ್ಥೆ, ಆಮೇಲೆ ಒಲೆ ಆರಿಸುವುದು. ಇದೇ ಬೊಟ್ರೊಪ್ 2010ರಲ್ಲಿ ಮಾದರಿ ಪಟ್ಟಣವಾಗಿ ಆಯ್ಕೆಯಾಯಿತು. ಸುಮಾರು 70,000 ಜನ ಇರುವ ಭಾಗದಲ್ಲಿ ಹತ್ತು ವರ್ಷದೊಳಗೆ ಇಂಗಾಲವನ್ನು ಅರ್ಧಕ್ಕೆ ಇಳಿಸುವ ಗುರಿ. ಮನೆಯವರಿಗೆ ಉಚಿತ ಸಲಹೆ ಕೊಟ್ಟರು. ಯಾವ ಸಹಾಯಧನ ಸಿಗುತ್ತೆ, ಯಾವ ಕೆಲಸ ಮೊದಲು ಮಾಡಬೇಕು ಅಂತ ಕೂತು ಹೇಳಿದರು. ದೇಶದ ಸರಾಸರಿಗಿಂತ ಬಹಳ ಬೇಗ ಇಲ್ಲಿನ ಮನೆಗಳು ದುರಸ್ತಿಯಾದವು. ಅಂದರೆ ಇದು ಆಗದ ಕೆಲಸ ಅಲ್ಲ, ಅಲ್ವಾ?

ಈಗ ನಿಮ್ಮ ಕೈಯಲ್ಲಿರುವ ವಿಷಯಕ್ಕೆ ಬರುತ್ತೇನೆ. ಮನೆ ಹೀಟಿಂಗ್, ವಾಹನಗಳ ಇಂಧನಕ್ಕೆ ಇಡೀ ಒಕ್ಕೂಟದಲ್ಲಿ ಒಂದೇ ಇಂಗಾಲ ಮಾರುಕಟ್ಟೆ, ಅಂದರೆ ಎಲ್ಲ ದೇಶಕ್ಕೂ ಒಂದೇ ಇಂಗಾಲದ ಬೆಲೆ, ಬರಲಿದೆ. 2027ಕ್ಕೆ ಬರಬೇಕಿತ್ತು. 2025ರ ಡಿಸೆಂಬರ್‌ನಲ್ಲಿ ಯುರೋಪಿನ ಸಂಸತ್ತು, ಸದಸ್ಯ ದೇಶಗಳು ಮಾತಾಡಿಕೊಂಡು 2028ಕ್ಕೆ ಮುಂದೂಡಿದವು. ಇದರ ಜೊತೆಗೆ, ಈ ಬೆಲೆಯಿಂದ ಕಷ್ಟಕ್ಕೆ ಬೀಳುವವರಿಗೆ ನೆರವಾಗಲು, ಸಾಮಾಜಿಕ ಹವಾಮಾನ ನಿಧಿ ಅಂತ ಒಂದಿದೆ. 2023ರಲ್ಲಿ ಕಾನೂನು ಬರೆದಾಗ 2026ರಿಂದ 2032ರವರೆಗೆ 65 ಬಿಲಿಯನ್ ಯೂರೋವರೆಗೆ ಅಂದಿದ್ದರು. ಸದಸ್ಯ ದೇಶಗಳು ಒಟ್ಟು ಖರ್ಚಿನ ಕಾಲು ಭಾಗವನ್ನು ತಮ್ಮ ಪಾಲಾಗಿ ಸೇರಿಸಿದರೆ 86 ಬಿಲಿಯನ್‌ಗಿಂತ ಜಾಸ್ತಿ ಆಗುತ್ತದೆ. ಕಾಗದದಲ್ಲಿ ನೀವು ಕ್ರಮವನ್ನು ಸರಿಯಾಗಿಯೇ ಬರೆದಿದ್ದೀರಿ. ನಿಧಿ ಮೊದಲು, ಬೆಲೆ ಆಮೇಲೆ. ನಾನು ಓದಿ ಖುಷಿಪಟ್ಟೆ.

ಆಮೇಲೆ ಏನಾಯಿತು? ಈ ನಿಧಿಯಿಂದ ಯಾರಿಗೆ ಏನು ಕೊಡುತ್ತೇವೆ ಅಂತ ಪ್ರತಿ ದೇಶ 2025ರ ಜೂನ್ ಕೊನೆಯೊಳಗೆ ಯೋಜನೆ ಕೊಡಬೇಕಿತ್ತು. ಬಹುತೇಕ ದೇಶಗಳು ಗಡುವು ತಪ್ಪಿಸಿದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ನಮ್ಮಲ್ಲಿದೆ. ಇಲ್ಲಿ ಪೂಜಾರಿಗಳು ಇಪ್ಪತ್ತೇಳು ದೇಶಗಳು.

65 ಬಿಲಿಯನ್ ಕೇಳಲು ದೊಡ್ಡದು. ಭಾಗಿಸಿ ನೋಡಿ. ಒಕ್ಕೂಟದಲ್ಲಿ ಸುಮಾರು 45 ಕೋಟಿ ಜನ. ಏಳು ವರ್ಷಕ್ಕೆ ಹಂಚಿದರೆ ತಲೆಗೆ ವರ್ಷಕ್ಕೆ 20 ಯೂರೋ ಚಿಲ್ಲರೆ. ಎಲ್ಲರಿಗೂ ಕೊಡುವುದಿಲ್ಲ, ಕಷ್ಟದಲ್ಲಿರುವವರಿಗೆ ಮಾತ್ರ ಅಂತ ನೀವು ಹೇಳುತ್ತೀರಿ. ಸರಿ. ಮನೆಯನ್ನು ಬೇಕಾದಷ್ಟು ಬೆಚ್ಚಗೆ ಇಡಲು ಆಗುತ್ತಿಲ್ಲ ಅಂದವರು 2023ರಲ್ಲಿ ನಿಮ್ಮದೇ ಅಂಕಿಅಂಶ ಇಲಾಖೆಯ ಪ್ರಕಾರ ಹತ್ತರಲ್ಲಿ ಒಬ್ಬರಿಗಿಂತ ಜಾಸ್ತಿ. ಅವರಿಗಷ್ಟೇ ಹಂಚಿದರೂ ವರ್ಷಕ್ಕೆ 200 ಯೂರೋ ಸುತ್ತಮುತ್ತ. ಬಿಲ್ಲಿಗೆ ಅದು ದೊಡ್ಡ ಸಹಾಯ. ಗೋಡೆ, ಕಿಟಕಿ, ಬಾಯ್ಲರ್ ಬದಲಿಸಲು ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆ ಹಣದಲ್ಲಿಯೂ ನೇರವಾಗಿ ಕೈಗೆ ಕೊಡಬಹುದಾದ್ದು ಯೋಜನೆಯ ಶೇ 37.5ರವರೆಗೆ ಮಾತ್ರ. ಯಾಕೆ ಅಂತ ಅರ್ಥವಾಗುತ್ತದೆ. ಹಣವೆಲ್ಲ ಗ್ಯಾಸಿಗೇ ಹೋದರೆ ಮನೆ ಯಾವತ್ತೂ ಬದಲಾಗುವುದಿಲ್ಲ. ಆದರೆ ಮನೆ ಬದಲಾಗುವವರೆಗೆ ಅಜ್ಜಿ ಬದುಕಿರಬೇಕಲ್ಲ?

ಮನೆ ಬದಲಾದರೂ ಹೆದರಿಕೆ ಇದೆ. ಜರ್ಮನಿಯಲ್ಲಿ ಮಾಲೀಕರು ಮನೆ ಸುಧಾರಿಸಿದ ಖರ್ಚಿನಲ್ಲಿ ಶೇ 8ರಷ್ಟನ್ನು ವರ್ಷದ ಬಾಡಿಗೆಗೆ ಸೇರಿಸಬಹುದು. ಒಂದು ಮನೆಯ ಪಾಲಿಗೆ 20,000 ಯೂರೋ ಖರ್ಚು ಬಿತ್ತು ಅನ್ನಿ. ವರ್ಷಕ್ಕೆ 1,600, ತಿಂಗಳಿಗೆ 130ರ ಮೇಲೆ. ಮಿತಿಗಳಿವೆ, ಆರು ವರ್ಷದಲ್ಲಿ ತಿಂಗಳ ಬಾಡಿಗೆ ಚದರ ಮೀಟರಿಗೆ 3 ಯೂರೋಗಿಂತ ಜಾಸ್ತಿ ಏರುವಂತಿಲ್ಲ. ಆದರೂ ಗ್ಯಾಸಿನಲ್ಲಿ ಉಳಿದದ್ದು ಬಾಡಿಗೆಯಲ್ಲಿ ಹೋಗಿ, ಮೇಲೆ ಇನ್ನಷ್ಟು ಸೇರುತ್ತದೆ. ಹೀಗಾಗಿ ನಮ್ಮ ಬೀದಿಯಲ್ಲಿ ಕಟ್ಟಡಕ್ಕೆ ಸಾರುವೆ ಕಟ್ಟಿದರೆ ಜನ ಸಂತೋಷ ಪಡುವುದಿಲ್ಲ. ಹೆದರುತ್ತಾರೆ.

ನನಗೆ ಇಲ್ಲಿ ಮತ ಇಲ್ಲ. ನಾನು ಭಾರತದ ಪ್ರಜೆ. ಬಿಲ್ಲು ಕಟ್ಟುವವಳು ಅನ್ನುವ ಹಕ್ಕಿನಿಂದ ಕೇಳುತ್ತಿದ್ದೇನೆ. ಮುಂದೂಡಿದ ಈ ಒಂದು ವರ್ಷವನ್ನು ಸುಮ್ನೆ ಕಳೆಯಬೇಡಿ. ಯಾವ ದೇಶದಲ್ಲಿ ನಿಧಿಯ ಹಣ ಜನರ ಕೈ ಸೇರಿಲ್ಲವೋ ಅಲ್ಲಿ ಹೊಸ ಬೆಲೆ ಶುರು ಮಾಡಬೇಡಿ. ಹಣ ಅರ್ಜಿ ಇಲ್ಲದೆ ಬರಲಿ. ಪಿಂಚಣಿ ಯಾವ ಖಾತೆಗೆ ಬೀಳುತ್ತೋ ಅದೇ ಖಾತೆಗೆ ಬೀಳಲಿ, ಚಳಿಗಾಲಕ್ಕೆ ಮುಂಚೆ, ಅಕ್ಟೋಬರ್‌ನಲ್ಲಿ. ಕಾಗದದ ಮೇಲೆ ಇದು ಇಂಗಾಲದ ಹಣ, ನಿಮ್ಮದೇ ವಾಪಸು ಅಂತ ದೊಡ್ಡ ಅಕ್ಷರದಲ್ಲಿ ಇರಲಿ. ಹಾಗೆ ಬಂದರೆ ಅಜ್ಜಿ ಅದನ್ನು ಭಿಕ್ಷೆ ಅನ್ನುವುದಿಲ್ಲ. ಮಾಲೀಕರಿಗೆ ಸಹಾಯಧನ ಕೊಟ್ಟರೆ ಅದರ ಲಾಭ ಬಾಡಿಗೆದಾರರಿಗೆ ದಾಟಬೇಕು ಅಂತ ನಿಮ್ಮ ನಿಧಿಯ ನಿಯಮದಲ್ಲೇ ಇದೆ. ಯೋಜನೆಗಳನ್ನು ಒಪ್ಪುವಾಗ ಆ ಒಂದು ಸಾಲನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ. ಯಾವ ಬಾಯ್ಲರ್ ಇರಬೇಕು ಅಂತ ತೀರ್ಮಾನಿಸುವವರು ಯಾರೋ ಅವರೇ ಅದರ ಹೊಗೆಗೆ ಹೆಚ್ಚು ಕೊಡಲಿ.

ಸಣ್ಣ ಮೊತ್ತದ ಬೆಲೆ ನಿಮಗೆ ಗೊತ್ತಿಲ್ಲದ್ದಲ್ಲ. 2010ರ ಫೆಬ್ರವರಿ 9ರಂದು ಜರ್ಮನಿಯ ಸಂವಿಧಾನ ನ್ಯಾಯಾಲಯ, ಬಡವರ ಭತ್ಯೆ ಲೆಕ್ಕ ಹಾಕಿರುವ ರೀತಿ ಸರಿಯಿಲ್ಲ ಅಂದಿತು. ಆಗ ಕಾರ್ಮಿಕ ಮಂತ್ರಿ ನೀವು. ಹೊಸದಾಗಿ ಲೆಕ್ಕ ಹಾಕಿದಿರಿ. 359 ಯೂರೋ ಇದ್ದದ್ದು 364 ಆಯಿತು. ಆ ಐದು ಯೂರೋ ಬಗ್ಗೆ ಇಡೀ ದೇಶ ತಿಂಗಳುಗಟ್ಟಲೆ ಜಗಳ ಆಡಿತು ಅಂತ ನನ್ನ ಹಿರಿಯ ಸಹೋದ್ಯೋಗಿಗಳು ಈಗಲೂ ಹೇಳುತ್ತಾರೆ.

ಉತ್ತರ ಜರ್ಮನ್‌ನಲ್ಲೇ ಬರೆಯಿರಿ, ನಾನು ಓದಿಕೊಳ್ಳುತ್ತೇನೆ. ಅಜ್ಜಿಗೂ ಗಟ್ಟಿಯಾಗಿ ಓದಿ ಹೇಳುತ್ತೇನೆ. ಗುರುವಾರ ಬೆಳಿಗ್ಗೆ ಆರೂವರೆಗೆ ಮತ್ತೆ ಅವರ ಮನೆಗೆ ಹೋಗಬೇಕು. ಮೊದಲು ಕೈ ಉಜ್ಜಬೇಕು, ಆಮೇಲೆ ಸೂಜಿ.

ಇಂತಿ,
ಕೊಪ್ಪದ ಒಬ್ಬ ನರ್ಸ್
ಬೊಟ್ರೊಪ್, ಜರ್ಮನಿ